ಅವ್ವನ ಕೋಣೆಯ ಸರಿಯುವ ಬಾಗಿಲು

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅವ್ವನ ಕೋಣೆಗೆ ಮೊದಲು ಕಟ್ಟಿಗೆಯ ಬಾಗಿಲಿತ್ತು. ಮೊಣಕಾಲಿನ ಆಪರೇಶನ್ ಆಗಿ ಅವ್ವ ವಾಕರ್ ಹಿಡಿದಾಗ ಅದು ಅಡ್ಡ ಬರತೊಡಗಿತು. ಒಳಕ್ಕೆ ತೆರೆದರೆ ವಾಕರ್ ತಿರುಗಿಸಲು ಜಾಗವಿಲ್ಲ. ಹಾಗಾಗಿ ಹೊಸ್ತಿಲ ಸಮೇತ ಕಿತ್ತು, ಪಕ್ಕಕ್ಕೆ ಸರಿಯುವ ಅಲ್ಯೂಮಿನಿಯಂ ಬಾಗಿಲು ಕೂಡಿಸಿದೆವು. ನೆಲದಲ್ಲಿ ಹಳಿ, ಅದರ ಮೇಲೆ ಬಾಗಿಲಿನ ಗಾಲಿ. ಒಂದು ಕೈ ವಾಕರ್ ಮೇಲಿಟ್ಟು, ಇನ್ನೊಂದರಿಂದ ಬಾಗಿಲು ಸರಿಸಿ, ಅವ್ವ ತಾನೇ ಬಚ್ಚಲಿಗೆ ಹೋಗಿ ಬರುತ್ತಿದ್ದಳು.

ನಾಲ್ಕು ತಿಂಗಳಿಗೆ ಬಾಗಿಲು ಬಿಗಿಯಾಯಿತು. ಸರಿಸಲು ಎರಡೂ ಕೈ ಬೇಕು. ಎರಡೂ ಕೈ ಬೇಕೆಂದರೆ ವಾಕರ್ ಬಿಡಬೇಕು. ಒಂದು ಮುಂಜಾನೆ ಒಳಗಿನಿಂದ ಕೂಗು ಬಂತು.

"ಬಾಗಲಾ ತಗೀರಿ ಯಾರರೆ! ಬಚ್ಚಲಕ್ಕ ಹೋಗಾಕೂ ನಾ ಮಂದೀನ ಕರೀಬೇಕೇನು?"

ಅಂದಿನಿಂದ ಅವ್ವ ಕರೆಯುವುದನ್ನೇ ತಪ್ಪಿಸಿದಳು. ಹೇಗೆಂಬುದು ನನ್ನ ಹೆಂಡತಿಗೆ ಗೊತ್ತಾಯಿತು. "ರೀ, ಅತ್ತಿ ನೀರ ಕುಡ್ಯಾಕತ್ತಿಲ್ಲ. ಚಹಾನೂ ಬ್ಯಾಡಂತಾರ," ಎಂದಳು.

ನಾನು ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದು ಹಳಿಗೆ ಸುರಿದೆ. ಎರಡು ದಿನ ಬಾಗಿಲು ಜಾರಿತು. ಮೂರನೆಯ ದಿನ ಮೊದಲಿಗಿಂತ ಗಟ್ಟಿಯಾಗಿ ಕೂತಿತು. ಕೊನೆಗೆ ಇಂಥ ಬಾಗಿಲು ರಿಪೇರಿ ಮಾಡುವ ಹುಮನಾಬಾದಿನ ಮಿಸ್ತ್ರಿಯೊಬ್ಬನಿಗೆ ಫೋನ್ ಮಾಡಿದೆ.

ಮರುದಿನ ಮುಂಜಾನೆಯ ಬಸ್ಸಿಗೇ ಬಂದ. ಅವನೊಂದು ಕಡೆ, ನಾನೊಂದು ಕಡೆ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿ, ಕೆಳಗಿನ ಅಂಚನ್ನು ಹೊರಗೆಳೆದು ಮಂಚದ ಮೇಲೆ ಮಲಗಿಸಿದೆವು. ಮಿಸ್ತ್ರಿ ಹಳಿಯಲ್ಲಿ ಬೆರಳಾಡಿಸಿ ಮೂಸಿ ನೋಡಿದ.

"ಸಾಬ್ರ, ಎಣ್ಣಿ ಹಾಕೀರೇನ್ರಿ?"

"ಹಾಕೀನ್ರಿ. ಕುಸುಬಿ ಎಣ್ಣಿ."

"ಬದ್ನಿಕಾಯಿಗಿ ಒಗ್ಗರಣಿ ಕೊಟ್ಟಂಗ ಕೊಟ್ಟೀರಿ ನೋಡ್ರಿ. ಅದಿರ್ಲಿ, ಈ ಅರಿಶಿಣಾ ಎಲ್ಲಿಂದ ಬಂತು?"

ಅವನ ಬೆರಳ ತುದಿಗೆ ಹಳದಿ ಕೆಸರು ಹತ್ತಿತ್ತು. ಅದರಲ್ಲಿ ಕುಂಕುಮ, ರಂಗೋಲಿ ಪುಡಿ ಎಲ್ಲ ಕಲೆತಿದ್ದವು. ನಾನು ಹೆಂಡತಿಯ ಕಡೆ ನೋಡಿದೆ, ಅವಳು ಅವ್ವನ ಕಡೆ.

"ನಾನ ಸೊಸಿ ಕೈಲಿ ಹಚ್ಚಸೀನಿ," ಎಂದಳು ಹೊರಗೆ ಕುರ್ಚಿಯಲ್ಲಿ ಕೂತ ಅವ್ವ. "ಶುಕ್ರವಾರಕ್ಕ ಹೊಸ್ತಲಾ ತೊಳ್ದು ಪೂಜಿ ಮಾಡಬೇಕೋ ಬ್ಯಾಡೋ?"

"ಅವ್ವಾರ, ಇದು ಹೊಸ್ತಲಲ್ರಿ, ಗಾಲಿ ಓಡೋ ಹಳಿ. ರೈಲ್ವೆ ಹಳಿಗಿ ಯಾರರೆ ರಂಗೋಲಿ ಹಾಕ್ತಾರೇನ್ರಿ?"

"ರೈಲು ನಮ್ಮನಿಗಿ ಬರಾದಿಲ್ಲ ತಮ್ಮಾ. ಬಾಗಲದ ಕೆಳಗ ಇದ್ದದ್ದು ನಮಗ ಹೊಸ್ತಲಾನ."

ಪ್ರತಿ ಶುಕ್ರವಾರ ಆ ರಂಗೋಲಿಯನ್ನು ದಾಟಿಯೇ ನಾನು ಅವ್ವನಿಗೆ ಗುಳಿಗೆ ಕೊಟ್ಟು ಬರುತ್ತಿದ್ದೆ. ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಮಿಸ್ತ್ರಿ ವಾದಕ್ಕಿಳಿಯಲಿಲ್ಲ. ಹಳಿ ಕೆರೆದು, ತಿಕ್ಕಿ ಒರೆಸಿದ. ಸವೆದ ಗಾಲಿಯೊಂದನ್ನು ಬದಲಿಸಿದ. ಬಾಗಿಲನ್ನು ಮತ್ತೆ ಕೂಡಿಸಿ ಸ್ಕ್ರೂ ತಿರುಗಿಸುವ ಪೇಚಕಸ್ ನನ್ನ ಕೈಗೆ ಕೊಟ್ಟು, ಬಾಗಿಲಿನ ಕೆಳಮೂಲೆಯ ಸ್ಕ್ರೂ ತೋರಿಸಿದ. ಅದನ್ನು ತಿರುಗಿಸಿದಷ್ಟೂ ಆ ಬದಿ ಮೇಲೇಳುತ್ತದೆ. ನಾನು ಹುಮ್ಮಸ್ಸಿನಿಂದ ಒಂದು ಸುತ್ತು ಕೊಟ್ಟೆ.

"ಹೌಲೇ ಹೌಲೇ ಸಾಬ್ರ! ಕಾಲ್ ಸುತ್ತು ಸಾಕು."

ಚೌಕಟ್ಟಿಗೂ ಬಾಗಿಲಿಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಸಮ ಆಗುವವರೆಗೆ ತಿರುಗಿಸಿದೆವು. ಆಮೇಲೆ ಅವನು ಹಳಿಗೆ ಮೇಣದ ಬತ್ತಿ ಉಜ್ಜಿದ. ಎಣ್ಣೆ ಧೂಳು ಹಿಡಿಯುತ್ತದೆ, ಮೇಣ ಹಿಡಿಯುವುದಿಲ್ಲ ಎಂದ.

"ಇನ್ನ ಅರಿಶಿಣಾ ಹಚ್ಚಬ್ಯಾಡ್ರಿ ಅವ್ವಾರ."

ಅವ್ವ ಬಾಗಿ ಹಳಿಯನ್ನು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಒಂದು ಶುಕ್ರವಾರವೂ ತಪ್ಪಿಸಿದವಳಲ್ಲ.

"ಹಚ್ಚಲಿಲ್ಲಂದ್ರ ನಾ ಒಂದ ಕೈಲೆ ತಗೀಲಾಕ ಬರ್ತದ?"

"ಬರ್ತದ್ರಿ."

"ಹಂಗಾರ ಚೌಕಟ್ಟಿಗಿ ಹಚ್ಚಸ್ತೀನಿ ಬಿಡು. ಲಕ್ಷ್ಮಿ ಏನ್ ಕುರುಡಿ ಅಲ್ಲ, ನೋಡ್ಕೊಂಡು ಬರ್ತಾಳ."

ವಾಕರ್ ಹಿಡಿದು ಎದ್ದು, ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿದಳು. ನಾವು ಮೂವರೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತಾನಾಗಿಯೇ ಸರಿದಂತೆ ಸರಿಯಿತು. ಅವ್ವ ಹೊರಬಂದು ಬಚ್ಚಲಿನ ಕಡೆ ಹೊರಟಳು. ರೂಢಿಯಂತೆ ನನ್ನ ಹೆಂಡತಿ ಅವಳ ಹಿಂದೆಯೇ ಹೆಜ್ಜೆ ಹಾಕಿದಳು.

"ನೀ ಎಲ್ಲಿಗಿ ಹೊಂಟಿ?" ಎಂದಳು ಅವ್ವ, ತಿರುಗಿಯೂ ನೋಡದೆ.