ಹಿಂದಿನ ಸಾಲಿನ ಬಾಟಲಿಗಳು

ಕಾಜಾ ಅಕ್ಕನಿಗೆ ಆ ಹೆಸರು ಬಂದದ್ದು ಅವಳ ಕಸುಬಿನಿಂದ. ಪೇಟೆಯ ದರ್ಜಿಗಳು ಹೊಲಿದ ಅಂಗಿಗಳೆಲ್ಲ ಗುಂಡಿತೂತಿನ ಕಾಜಾ ತೆಗೆಸಿ ಗುಂಡಿ ಹಾಕಿಸಿಕೊಳ್ಳಲು ಅವಳ ಮನೆಗೇ ಬರುತ್ತಿದ್ದವು. ಕಿಟಕಿಯ ಪಕ್ಕ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬಾಯಲ್ಲಿ ದಾರ ಕಚ್ಚಿಕೊಂಡೇ ಬೀದಿಯ ಸುದ್ದಿಯನ್ನೆಲ್ಲ ವಿಚಾರಿಸಿಕೊಳ್ಳುವ ಹೆಂಗಸು. ಚಿಂತೆ ಅವಳ ಜೊತೆಯಲ್ಲೇ ಹುಟ್ಟಿದ್ದು. ಹೊರಗೆ ಹೋಗುವಾಗ ಬೀಗ ಎಳೆದು ನೋಡುತ್ತಾಳೆ, ಬೀದಿಯ ಕೊನೆ ಮುಟ್ಟಿ ಮತ್ತೆ ವಾಪಸು ಬಂದು ಎಳೆಯುತ್ತಾಳೆ. ನಿನ್ನ ಕಾಟ ತಾಳಲಾರದೆ ಬೀಗ ಒಂದು ದಿನ ತಾನೇ ಕಿತ್ತುಕೊಂಡು ಬರುತ್ತದೆ ಎಂದು ಮಗಳು ಅಣಕಿಸುತ್ತಿದ್ದಳು.

ಆ ಮಗಳ ವಿಷಯದಲ್ಲಿ ಮಾತ್ರ ಅವಳ ಚಿಂತೆಗೆ ಯಾರೂ ನಗುವಂತಿರಲಿಲ್ಲ. ಹುಡುಗಿಗೆ ಎಳೆಯ ವಯಸ್ಸಿಗೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಮಾತ್ರೆಯಲ್ಲಿ ಮುಗಿಯುವ ಕಥೆಯಲ್ಲ, ದಿನಾ ಇನ್ಸುಲಿನ್ ಚುಚ್ಚಲೇಬೇಕು. ಔಷಧಿ ಅಂಗಡಿಯವನು ಅದರ ಬೆಲೆ ಹೇಳಿದಾಗಲೆಲ್ಲ ಎಷ್ಟು ಕಾಜಾ ತೆಗೆದರೆ ಅಷ್ಟಾದೀತು ಎಂದು ಅಕ್ಕ ಬೆರಳೆಣಿಸುತ್ತಿದ್ದಳು. ಒಂದು ಸಲ ಬಾಟಲಿ ಇನ್ನೂ ನಾಲ್ಕು ದಿನ ಹೆಚ್ಚು ಬರಲಿ ಎಂದು ಯಾರಿಗೂ ಹೇಳದೆ ಅಳತೆ ಕಡಿಮೆ ಮಾಡಿದಳು. ಹುಡುಗಿ ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತಾ ಆಸ್ಪತ್ರೆ ಸೇರಿದಳು. ಮಗಳು ಮನೆಗೆ ಬಂದಳು. ಅಕ್ಕನ ನಿದ್ದೆ ಆಸ್ಪತ್ರೆಯಲ್ಲೇ ಉಳಿದುಹೋಯಿತು.

ಉಪಾಯ ಹೊಳೆದದ್ದು ಆಮೇಲೆ. ಪೇಟೆಯ ಹೋಲ್‌ಸೇಲ್ ಔಷಧಿ ವ್ಯಾಪಾರಿ ಒಂದೊಂದಾಗಿ ಮಾರುವುದಿಲ್ಲ, ಇಡೀ ಪೆಟ್ಟಿಗೆ ತೆಗೆದುಕೊಂಡರೆ ಮಾತ್ರ ಬೆಲೆ ಅರ್ಧಕ್ಕರ್ಧ ಇಳಿಸುತ್ತಾನೆ. ಅಕ್ಕ ಅದೇ ಇನ್ಸುಲಿನ್ ಬಳಸುವ ಮನೆಗಳನ್ನು ಹುಡುಕಿಕೊಂಡು ಹೋದಳು. ಕ್ಷೌರದಂಗಡಿಯ ಅಣ್ಣ ಸಿಕ್ಕ, ಬಸ್ ಕಂಡಕ್ಟರ್ ಸಿಕ್ಕ, ಇನ್ನೂ ಎರಡು ಮನೆಯವರು ಸೇರಿಕೊಂಡರು. ಪೆಟ್ಟಿಗೆ ಇಡುವುದಕ್ಕೆ ಕಾಜಾ ಅಕ್ಕನ ಫ್ರಿಜ್ಜೇ ಸರಿ ಎಂದು ಎಲ್ಲರೂ ಒಪ್ಪಿದರು. ಗಾಳಿ ಬಂದರೆ ಎದ್ದು ಕಿಟಕಿ ಮುಚ್ಚುವ ಹೆಂಗಸಿಗಿಂತ ಒಳ್ಳೆಯ ಕಾವಲು ಎಲ್ಲಿ ಸಿಕ್ಕೀತು?

ಆ ಕಾವಲೇ ಮುಳುವಾಯಿತು. ಪೆಟ್ಟಿಗೆ ಬಂದ ವಾರ ಬಿಸಿಲು ಹೊರಗೆ ಕಾಲಿಡಲು ಬಿಡುತ್ತಿರಲಿಲ್ಲ. ಔಷಧಿ ಕೆಟ್ಟರೆ ಗತಿಯೇನು ಎಂದು ಅಕ್ಕ ಫ್ರಿಜ್ಜಿನ ತಂಪು ಹೆಚ್ಚಿಸುವ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದಳು. ಅದೂ ಸಾಲದೆಂದು ಬಾಟಲಿಗಳನ್ನು ಒಳಗೆ, ಹಿಂದಿನ ಗೋಡೆಗೆ ಒತ್ತಿ ಎರಡು ಸಾಲಾಗಿ ಜೋಡಿಸಿ, ಸಮಾಧಾನದಿಂದ ಮಲಗಿದಳು. ಬೆಳಿಗ್ಗೆ ಬಾಗಿಲು ತೆಗೆದರೆ ಹಿಂದಿನ ಗೋಡೆಯ ಮೇಲೆ ಹಿಮ ಕೂತಿತ್ತು. ಹಿಂದಿನ ಸಾಲಿನ ಬಾಟಲಿಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಮುಂದಿನ ಸಾಲಿನವು ಅಲುಗಾಡಿಸಿದರೆ ನೀರಾಗಿಯೇ ಇದ್ದವು.

ಅಕ್ಕ ಕೂಡಲೇ ವ್ಯಾಪಾರಿಗೆ ಫೋನು ಮಾಡಿದಳು.

"ಒಂದ್ಸಲ ಗಟ್ಟಿಯಾದ್ರೆ ಮುಗೀತಮ್ಮ. ಕರಗಿದ ಮೇಲೆ ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ನಂಬೋ ಹಾಗಿಲ್ಲ."

"ಮುಂದಿನ ಸಾಲಿಂದು ನೀರಾಗೇ ಇದೆಯಲ್ಲ?"

"ರಾತ್ರಿ ಹೇಗಿತ್ತು ಅಂತ ನೀವು ಕಂಡ್ರಾ? ಎಲ್ಲಾ ಬಿಸಾಕಿ. ವಾಪಸ್ ತಗೊಳ್ಳೋಕೆ ನನ್ ಕೈಲಾಗಲ್ಲ."

ಬಿಸಾಕು ಎನ್ನುವುದು ಅವನಿಗೆ ಸುಲಭ. ಅಕ್ಕ ಬಾಟಲಿಗಳನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕುಳಿತಳು. ಸ್ವಲ್ಪ ಹೊತ್ತಿಗೆ ಎಲ್ಲವೂ ಕರಗಿ ತಿಳಿನೀರಿನಂತೆ ನಿಂತವು. ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ಅವಳಲ್ಲದೆ ಇನ್ನಾರೂ ಹೇಳಲಾರರು. ತನ್ನದೂ ಸೇರಿ ಐದು ಮನೆಯವರು ಹೊಟ್ಟೆಬಟ್ಟೆ ಕಟ್ಟಿ ಕೊಟ್ಟ ದುಡ್ಡು. ಅವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಯೋಚಿಸುತ್ತಾ ಯೋಚಿಸುತ್ತಾ, ತನಗೇ ಗೊತ್ತಾಗದ ಹಾಗೆ, ಮುಂದಿನ ಸಾಲಿನ ಒಂದು ಬಾಟಲಿಯನ್ನು ತೆಗೆದು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟಳು.

ಆಗಲೇ ಕ್ಷೌರದಂಗಡಿಯ ಅಣ್ಣ ಬಂದ. ಬೋಳುತಲೆಯ ಮನುಷ್ಯ, ನನ್ನ ಕೈಚಳಕ ನೋಡಿ ಎಂದು ತನ್ನ ತಲೆಯನ್ನೇ ಗಿರಾಕಿಗಳಿಗೆ ತೋರಿಸಿ ನಗಿಸುವವನು.

"ತಂಗಿ, ನಂದು ಇವತ್ತಿಗೆ ಖಾಲಿ. ನಾಳೇವರೆಗೂ ಕಾಯೋಕಾಗಲ್ಲ, ಒಂದು ಕೊಟ್ಬಿಡು."

ಅಕ್ಕನ ಕೈ ಮೇಜಿನತ್ತ ಹೋಗಿ ಒಂದು ಬಾಟಲಿ ಎತ್ತಿ ಕೊಟ್ಟಿತು. ಅವನು ಅದನ್ನು ಜೇಬಿಗಿಳಿಸಿ, "ನೀನು ನೂರು ಕಾಲ ಬಾಳಮ್ಮ" ಎಂದು ಮೆಟ್ಟಿಲಿಳಿದ.

ಅವಳು ಮಿಷನ್ನಿನ ಮುಂದೆ ಕುಳಿತಳು. ಕಾಜಾ ತೆಗೆಯಲು ಹೋಗಿ ಅಂಗಿಯ ಎದೆಯನ್ನೇ ಸೀಳಿಬಿಟ್ಟಳು. ಡ್ರಾಯರಿನಲ್ಲಿದ್ದ ಬಾಟಲಿ ಯಾಕೆ ಅಲ್ಲಿದೆ ಎಂದು ಆಗ ಅವಳಿಗೆ ಗೊತ್ತಾಯಿತು. ಮಗಳಿಗೆ ಮುಂದಿನ ಸಾಲಿನದು. ಅಣ್ಣನಿಗೆ ಕೊಟ್ಟದ್ದು ಹಿಂದಿನ ಸಾಲಿನದು. ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಆವತ್ತು ಬೀಗದ ನೆನಪೂ ಆಗಲಿಲ್ಲ. ಬೀದಿಯ ತಿರುವಿನಲ್ಲಿ ಅಣ್ಣ ಸಿಕ್ಕ.

"ಅಣ್ಣಾ, ಅದನ್ನ ಚುಚ್ಕೋಬೇಡಿ! ಕೆಟ್ಟಿದೆ. ನಾನೇ ಕೆಡಿಸಿದೀನಿ, ಗೊತ್ತಿದ್ದೂ ಕೊಟ್ಟೆ." ಏದುಸಿರಿನಲ್ಲೇ ಎಲ್ಲ ಹೇಳಿದಳು. ಡ್ರಾಯರಿನಲ್ಲಿಟ್ಟದ್ದನ್ನೂ ಹೇಳಿದಳು.

ಅಣ್ಣ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಜೇಬಿನಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದು ನೋಡಿದ. ಯಾವಾಗಲೂ ನಗುತ್ತಿದ್ದ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಈಗ ಬೈಯುತ್ತಾನೆ, ಬೈದರೆ ಬೈಯಲಿ ಎಂದು ಅಕ್ಕ ಸೆರಗಿನ ಅಂಚನ್ನು ಹಿಂಡುತ್ತಾ ನಿಂತಳು.

ಅವನು ಕೇಳಿದ, "ಡ್ರಾಯರಲ್ಲಿರೋದನ್ನ ಮಗೂಗೆ ಹಾಕಿಲ್ಲ ತಾನೆ?"

"ಇಲ್ಲ."

"ಹಾಕ್ಬೇಡ. ಅದನ್ನೂ ನಂಬಬೇಡ."

ಅಕ್ಕ ನಡುಬೀದಿಯಲ್ಲೇ ಗಳಗಳನೆ ಅತ್ತಳು.

ಇಬ್ಬರೂ ನೇರವಾಗಿ ಔಷಧಿ ಅಂಗಡಿಗೆ ಹೋಗಿ, ಯಾವ ಬೆಲೆಗೆ ಹೆದರಿ ಇಷ್ಟೆಲ್ಲ ಮಾಡಿದ್ದರೋ ಅದೇ ಬೆಲೆ ತೆತ್ತು ಒಂದೊಂದು ಬಾಟಲಿ ತಂದರು. ಮರುದಿನ ಎಲ್ಲರೂ ಅಕ್ಕನ ಮನೆಯಲ್ಲಿ ಸೇರಿದಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ಕಂಡಕ್ಟರ್ ಕೂಗಾಡಿದ. ತಪ್ಪೇನಿಲ್ಲ, ಅವನ ಮನೆಯಲ್ಲಿ ಚುಚ್ಚಿಕೊಳ್ಳುವವರು ಇಬ್ಬರು. "ಇನ್ಮೇಲೆ ಈ ಮನೇಲಿ ಇಡೋದು ಬೇಡ" ಎಂದ.

"ಮತ್ತೆಲ್ಲಿ ಇಡೋಣ?" ಎಂದ ಅಣ್ಣ. "ನಿಮ್ಮನೇಲಿ ಕೆಟ್ರೆ ನೀನು ಓಡ್ಬಂದು ಹೇಳ್ತೀಯಾ? ನಾನು ಹೇಳ್ತೀನಾ? ನಂಗಂತೂ ಗೊತ್ತಿಲ್ಲಪ್ಪ. ಇವಳು ಹೇಳಿದಾಳೆ."

ಕಂಡಕ್ಟರ್ ಗೊಣಗಿದ, ಆದರೆ ಎದ್ದು ಹೋಗಲಿಲ್ಲ. ತಿಂಗಳು ಕಳೆಯುವುದರೊಳಗೆ ಹೇಗೋ ಹೊಂದಿಸಿ ಹೊಸ ಪೆಟ್ಟಿಗೆ ತಂದರು. ಅದು ಬಂದು ಸೇರಿದ್ದು ಅಕ್ಕನ ಫ್ರಿಜ್ಜಿಗೇ. ಈ ಸಲ ಬಾಟಲಿಗಳು ನಡುವಿನ ಹಲಗೆಯ ಮೇಲೆ, ಗೋಡೆಯಿಂದ ದೂರ. ಪಕ್ಕದಲ್ಲೊಂದು ಬಟ್ಟಲು ನೀರು. ಅದು ಗಟ್ಟಿಯಾಗಿದೆಯೇ ಎಂದು ಅಕ್ಕ ಗಳಿಗೆಗೊಮ್ಮೆ ಬೆರಳದ್ದಿ ನೋಡುವಳು.

"ಹೀಗೆ ಬಾಗಿಲು ತೆಗೀತಾ ಇದ್ರೆ ಔಷಧಿಗೆ ಸೆಕೆಯಾಗುತ್ತಮ್ಮಾ" ಎಂದಳು ಮಗಳು. ಅವಳ ಬಾಟಲಿ ಮುಗಿದಿತ್ತು. ಫ್ರಿಜ್ಜಿನ ಮುಂದೆ ಬಗ್ಗಿ ಕೇಳಿದಳು, "ಇದರಲ್ಲಿ ನಂದು ಯಾವ್ದು?"

ಅಕ್ಕನ ಕೈ ಮುಂದೆ ಹೋಯಿತು. ಅರ್ಧಕ್ಕೇ ನಿಂತಿತು. ಅದನ್ನು ಹಿಂದಕ್ಕೆಳೆದುಕೊಂಡು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕುಳಿತಳು.

"ಯಾವ್ದಾದ್ರೂ ತಗೋ" ಎಂದಳು.