ಜೋಡೆತ್ತು ಮತ್ತು ನಮ್ಮ ಪ್ರಾಣಿದಯಾ ಸಂಘ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ನಮ್ಮ ಪ್ರಾಣಿದಯಾ ಸಂಘದವರು ಗಾಡಿ ಎತ್ತುಗಳಿಗೆ ನೀರಿನ ತೊಟ್ಟಿ ತುಂಬುತ್ತಿದ್ದರು, ಅವುಗಳ ಹೆಗಲ ಹುಣ್ಣಿಗೆ ಅರಿಸಿನ ಕಲಸಿದ ಎಣ್ಣೆ ಹಚ್ಚುತ್ತಿದ್ದರು. ವಾಸಿಯಾದ ಹುಣ್ಣು ಹೊರೆಯ ಭಾರಕ್ಕೆ ಮರುವಾರ ಮತ್ತೆ ಬಿರಿಯುತ್ತಿತ್ತು. ಎಣ್ಣೆ ಹಚ್ಚಿ ಹಚ್ಚಿ ಸಾಕಾಗಿದೆ, ಇನ್ನು ಕಾನೂನೇ ಬೇಕು ಎಂದು ನಾನು ಸಭೆಯಲ್ಲಿ ಜಗಳವಾಡಿದೆ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ ಬಂದಾಗ, ಗಾಡಿಯ ಹೊರೆಗೆ ಮಿತಿ ಹಾಕಲು ಒಪ್ಪಿದವರಿಗೇ ಓಟು ಕೊಡಿ ಎಂದು ಹೇಳಲು ಹೊರಟೆವು.

ಸಿರುಗುಪ್ಪದ ಸಂತೆಯಲ್ಲಿ ನಿಂತು, "ನಿಮ್ಮ ಎತ್ತುಗಳನ್ನ ನೆನಸ್ಕೊಂಡು ಓಟು ಹಾಕ್ರಿ" ಎಂದೆ. ಗಾಡಿ ಹೊಡೆಯುವ ಮುದುಕನೊಬ್ಬ ತಲೆಯಾಡಿಸಿದ. "ತಿಳೀತು ಬಿಡ್ರಿ. ಜೋಡೆತ್ತಿಗೇ ಹಾಕ್ತೀವಿ."

ಒಂದು ಪಕ್ಷದ ಗುರುತೇ ಜೋಡೆತ್ತು ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ನಾವು ಯಾವ ಪಕ್ಷದವರೂ ಅಲ್ಲ ಎಂದು ಹೇಳಿದಷ್ಟೂ ಆತ ನಕ್ಕ.

ಕುರುಗೋಡಿನಲ್ಲಿ ಎತ್ತಿನ ಸುದ್ದಿಯೇ ಬೇಡವೆಂದು, ಕಲ್ಲು ಹೊರುವ ಕತ್ತೆಗಳ ಪಾಡನ್ನಷ್ಟೇ ಹೇಳಿದೆ. ಕತ್ತೆ ಯಾರ ಗುರುತೂ ಆಗಿರಲಿಲ್ಲ. ಜನ ಕಡೆಯವರೆಗೂ ಗಂಭೀರವಾಗಿ ಕೇಳಿದರು. ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ ಅಂದರು: "ಎಲ್ಲಾ ಖರೇ ಐತ್ರಿ. ಆದ್ರ ಕತ್ತೆ ಅಂತ ಯಾವ ಕ್ಯಾಂಡಿಡೇಟಿಗೆ ಅಂದ್ರಿ, ಅದೊಂದು ತಿಳೀಲಿಲ್ಲ."