ಫ್ರೆಂಚ್ ಪುಟದ ಮೇಲೆ ಆಲೂಗಡ್ಡೆ ಸಿಪ್ಪೆ

ಕಮಿಲ್ ಒಬ್ರೆಕ್ಟ್ ಪದ್ಯ ಬರೆಯುತ್ತಾನೆಂಬುದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಓದಿದವರು ಮಾತ್ರ ಕಡಿಮೆ. ಹೊಟ್ಟೆಪಾಡಿಗೆ ಅವನು 'ಕಣಿವೆಯ ದೂತ' ಎಂಬ ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದ. ಹಾಲಿನ ಸಂಘದ ಸಭೆ, ಬೆಟ್ಟದ ಹುಲ್ಲುಗಾವಲಿನಿಂದ ದನಗಳು ಇಳಿದು ಬಂದ ದಿನ, ಬೆಂಕಿ ಆರಿಸುವ ದಳದವರ ವಾದ್ಯಗೋಷ್ಠಿ, ಮದುವೆ, ಮರಣ, ಎಲ್ಲವನ್ನೂ ಬರೆಯುವವನು ಅವನೇ. ಪುಟದಲ್ಲಿ ಎಲ್ಲಿಯಾದರೂ ಜಾಗ ಉಳಿದರೆ ಅದನ್ನು ಮುಚ್ಚಲು ಅವನ ಪದ್ಯ. ಮರಣವಾರ್ತೆ ಹೆಚ್ಚಾದ ವಾರ ಪದ್ಯ ಹೊರಗೆ, ಕಡಿಮೆಯಾದ ವಾರ ಪದ್ಯ ಒಳಗೆ.

"ಕಮಿಲ್, ಈ ವಾರ ನಿನ್ನ ಪದ್ಯ ಬಂದಿದೆಯಲ್ಲ! ಸದ್ಯ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ ಅಂತಾಯ್ತು" ಎಂದು ಹೋಟೆಲಿನಲ್ಲಿ ಇಸ್ಪೀಟು ಆಡುವವರು ಕೂಗುತ್ತಿದ್ದರು. ಅವನೂ ನಗುತ್ತಿದ್ದ. ಇಪ್ಪತ್ತೆಂಟು ವರ್ಷ ನಕ್ಕಿದ್ದ.

ಈ ಕಣಿವೆಯಿರುವ ಅಲ್ಸಾಸ್ ಪ್ರಾಂತ ಈಗ ಫ್ರಾನ್ಸಿನದಾದರೂ, ಅವನು ಹುಟ್ಟಿದಾಗ ಜರ್ಮನಿಗೆ ಸೇರಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಸೋಮವಾರ ಶಾಲೆಗೆ ಹೋದರೆ ಗೋಡೆಯ ಮೇಲಿನ ಚಕ್ರವರ್ತಿಯ ಪಟ ಹೋಗಿ ಬರೀ ಮೊಳೆ ಉಳಿದಿತ್ತು. ಹೊಸ ಮೇಷ್ಟರು ಫ್ರೆಂಚಿನಲ್ಲಿ ಹಾಜರಿ ಕರೆದರು. ಅವನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಜರ್ಮನ್ನರು, ಮೂವತ್ತೊಂಬತ್ತನೆಯದರಲ್ಲಿ ಮತ್ತೆ ಫ್ರೆಂಚರು. ಎರಡೂ ಭಾಷೆ ಚೆನ್ನಾಗಿ ಬಂತು. ಆದರೆ ಪದ್ಯವೆಂಬುದು ಅವನಿಗೆ ತಾಯಿಯ ಅಡುಗೆಮನೆಯ ಮಾತಿನಲ್ಲಿ ಮಾತ್ರ ಹುಟ್ಟುತ್ತಿತ್ತು. ಕಾಗದಕ್ಕೆ ಇಳಿಯುವಾಗ ಜರ್ಮನ್ ಆಗುತ್ತಿತ್ತು. ಪ್ಯಾರಿಸಿಗೆ ಕಳಿಸಿದ ಹಸ್ತಪ್ರತಿ 'ಇದು ಜರ್ಮನ್' ಎಂದು ಹಿಂದಿರುಗಿತು. ರೈನ್ ನದಿಯ ಆಚೆಗೆ ಕಳಿಸಿದ್ದು 'ತಮ್ಮ ದೇಶದಲ್ಲಿಯೇ ಪ್ರಯತ್ನಿಸಿ' ಎಂಬ ಸಲಹೆಯೊಡನೆ ಬಂತು. ಹಸ್ತಪ್ರತಿ ಬೀರುವಿನ ಮೇಲೆ ಕುಳಿತಿತು.

ತಾಯಿ ಸಲೋಮೆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಒಬ್ಬಳೇ ಇದ್ದಳು. ಮಗ ಕರೆದರೂ ಇಳಿದು ಬರಲೊಲ್ಲಳು, ಅವಳಿಗೆ ಕೋಳಿಗಳಿದ್ದವು. ಅವಳು ಶಾಲೆಗೆ ಹೋದ ಕಾಲದಲ್ಲಿ ಫ್ರೆಂಚ್ ಕಲಿಸುತ್ತಿರಲಿಲ್ಲ. ಪತ್ರಿಕೆ ಎರಡು ಭಾಷೆಯದು: ಒಂದು ಹಾಳೆ ಫ್ರೆಂಚ್, ಉಳಿದವು ಜರ್ಮನ್. ಹಾಗಾಗಿ ಶುಕ್ರವಾರ ಪತ್ರಿಕೆ ಬಂದೊಡನೆ ಅವಳು ಫ್ರೆಂಚ್ ಹಾಳೆಯನ್ನು ಬೇರ್ಪಡಿಸಿ ಮೇಜಿನ ಮೇಲೆ ಹಾಸುವಳು, ಅದರ ಮೇಲೆ ಆಲೂಗಡ್ಡೆ ಹೆರೆಯುವಳು. ಜರ್ಮನ್ ಹಾಳೆಗಳನ್ನು ಊಟವಾದ ಮೇಲೆ ಭೂತಗನ್ನಡಿ ಹಿಡಿದು, ಮರಣವಾರ್ತೆಯಿಂದ ತೊಡಗಿ, ಸಾಲು ಬಿಡದೆ ಓದುವಳು.

ಆ ಫೆಬ್ರವರಿಯ ಶುಕ್ರವಾರ ಅವಳಿಗೆ ಎಂಬತ್ತು ತುಂಬುವುದಿತ್ತು.

"ನಿನಗೇನು ತರಲಿ, ಅಮ್ಮ?" ಎಂದು ಕಮಿಲ್ ಕೇಳಿದ್ದ.

"ಏನೂ ಬೇಡ. ಊರವರ ಹಸು ಕರು ಹಾಕಿದ್ದೆಲ್ಲ ಪತ್ರಿಕೇಲಿ ಬರೀತೀಯ. ನನ್ನ ಬಗ್ಗೆ ಒಂದು ಸಾಲು ಬಂದದ್ದು ಕಾಣೆ. ಸತ್ತ ಮೇಲೆ ನಾಲ್ಕು ಸಾಲು ಹಾಕ್ತೀಯ, ಗೊತ್ತು. ಆಗ ಓದೋಕೆ ನಾನಿರ್ತೀನೇನೋ?"

ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ಅವಳು ಹೇಳುತ್ತಿದ್ದ ಹಳೆಯ ಕತೆಯೊಂದನ್ನು ಹಿಡಿದು ಹದಿನೆಂಟು ಸಾಲಿನ ಪದ್ಯ ಬರೆದ. ನಸುಕಿನಲ್ಲಿ ಹತ್ತಿ ಗಿರಣಿಯ ಗಂಟೆ ಹೊಡೆಯುತ್ತಿದೆ. ಹಿಮದಲ್ಲಿ ಇಬ್ಬರು ಹುಡುಗಿಯರು ಒಂದೇ ಶಾಲು ಹೊದ್ದು ಬೆಟ್ಟ ಇಳಿಯುತ್ತಿದ್ದಾರೆ. ಶಾಲು ಯಾರ ಕಡೆಗೆ ಹೆಚ್ಚು ಎಂದು ಜಗಳವಾಡುತ್ತಿದ್ದಾರೆ. ತಾನು ಬರೆದುದರಲ್ಲಿ ಇದೇ ಒಳ್ಳೆಯದೆಂದು ಅವನಿಗೆ ತೋರಿತು. ಪದ್ಯದ ಮೇಲೆ 'ಎಂಬತ್ತು ತುಂಬಿದ ನನ್ನ ತಾಯಿಗೆ' ಎಂದು ಬರೆದ.

ಗುರುವಾರ ಬೆಳಿಗ್ಗೆ ಸಂಪಾದಕ ವೆಲ್ಟರ್ ಅವನನ್ನು ಕರೆದ.

"ಒಬ್ರೆಕ್ಟ್, ಈ ವಾರ ಹಿಮದಿಂದ ಫುಟ್‌ಬಾಲ್ ಪಂದ್ಯ ನಿಂತುಹೋಯ್ತಲ್ಲ?"

"ನಿಂತುಹೋಯ್ತು."

"ಹಾಗಾದರೆ ಫ್ರೆಂಚ್ ಪಾಲು ಕಡಿಮೆ ಬೀಳುತ್ತೆ."

ಯುದ್ಧ ಮುಗಿದಂದಿನಿಂದ ಅದು ಸರ್ಕಾರದ ಕಟ್ಟಳೆ: ಪತ್ರಿಕೆಯಲ್ಲಿ ಕಾಲುಭಾಗವಾದರೂ ಫ್ರೆಂಚಿನಲ್ಲಿರಬೇಕು, ಆಟೋಟದ ಸುದ್ದಿ ಫ್ರೆಂಚಿನಲ್ಲಿಯೇ ಇರಬೇಕು. ಫುಟ್‌ಬಾಲ್ ಆಟಗಾರರು ಚೆಂಡನ್ನು ಎಲ್ಲಿ ಒದ್ದರೂ ಸರಿ, ಒದೆಯುತ್ತಿದ್ದರೆ ಕಟ್ಟಳೆ ತಾನಾಗಿ ಪೂರೈಸುತ್ತಿತ್ತು.

"ಹದಿನೆಂಟು ಸಾಲು ಬೇಕು. ನಿನ್ನ ಪದ್ಯವೂ ಹದಿನೆಂಟು ಸಾಲು. ಅದನ್ನ ಫ್ರೆಂಚಿಗೆ ತಿರುಗಿಸು, ಕತೆ ಮುಗೀತು" ಎಂದ ವೆಲ್ಟರ್.

"ಅದು ನನ್ನ ತಾಯಿಗೆ ಬರೆದದ್ದು. ಅವಳಿಗೆ ಫ್ರೆಂಚ್ ಬರೋದಿಲ್ಲ."

"ಪದ್ಯ ತಾನೆ? ಯಾವ ಭಾಷೇಲಿದ್ದರೂ ಯಾರಿಗೂ ಅರ್ಥವಾಗೋದಿಲ್ಲ, ಬಿಡು."

"ಹವಾಮಾನದ ವಿಷಯ ಹದಿನೆಂಟು ಸಾಲು ಬರೆದುಕೊಡ್ತೀನಿ."

"ಪಂದ್ಯದ ಜಾಗದಲ್ಲಿ ಜರ್ಮನ್ ಸುದ್ದಿ ಆಗಲೇ ಕೂತಿದೆ. ಹೊಸದು ಸೇರಿಸಿದರೆ ಜರ್ಮನ್ ಕಡೆ ಯಾವುದನ್ನ ತೆಗೀಲಿ? ಪುಟ ರಬ್ಬರಿನದೇ? ನಿನ್ನ ಪದ್ಯವನ್ನೇ ತೆಗೀಬೇಕು. ಹನ್ನೆರಡು ಗಂಟೆವರೆಗೆ ಸಮಯ ಕೊಡ್ತೀನಿ. ಜರ್ಮನ್‌ನಿಂದ ಹದಿನೆಂಟು ಸಾಲು ಫ್ರೆಂಚಿಗೆ ದಾಟಬೇಕು. ಯಾವುದು ದಾಟುತ್ತೋ ನನಗೆ ಬೇಕಾಗಿಲ್ಲ."

ಕಮಿಲ್ ಕರಡು ಪುಟವನ್ನು ಮೇಲಿಂದ ಕೆಳಗೆ ನೋಡಿದ. ಚೀಸಿನ ಧಾರಣೆಯನ್ನು ಮುಟ್ಟಿದರೆ ರೈತರು ಕಚೇರಿಗೆ ನುಗ್ಗುವರು. ಪಾದ್ರಿಯವರ ಪ್ರಕಟಣೆಯನ್ನು ಮುಟ್ಟುವಂತಿಲ್ಲ. ಕೊನೆಗೆ ಕಪ್ಪು ಚೌಕಟ್ಟಿನ ಒಂದು ಮರಣವಾರ್ತೆಯ ಮೇಲೆ ಕಣ್ಣು ನಿಂತಿತು: ಮದ್ಲೆನ್ ಗ್ರಾಫ್, ತವರುಮನೆಯ ಹೆಸರು ಸ್ಪೆನ್ಲೆ, ಎಂಬತ್ತೊಂದು ವರ್ಷ, ಶನಿವಾರ ಎರಡು ಗಂಟೆಗೆ ಮಣ್ಣು. ಎಣಿಸಿದ. ಹದಿನೆಂಟು ಸಾಲು.

ಸತ್ತವಳ ಮಗಳು ಗೆರ್ಮೇನ್ ಪೇಟೆಬೀದಿಯಲ್ಲಿ ಟೋಪಿ ಅಂಗಡಿ ಇಟ್ಟಿದ್ದಳು. ಕಮಿಲ್ ಹಿಮದಲ್ಲಿ ಜಾರುತ್ತಾ ಅಲ್ಲಿಗೆ ಓಡಿದ. ಕಪ್ಪು ಉಡುಪಿನಲ್ಲಿ ಕುಳಿತಿದ್ದ ಅವಳು ಅವನ ಮಾತು ಕೇಳಿ ಹುಬ್ಬೇರಿಸಿದಳು.

"ಫ್ರೆಂಚಿನಲ್ಲೇ? ಅಮ್ಮನಿಗೆ 'ಬೊಂಜೂರ್' ಬಿಟ್ಟರೆ ಫ್ರೆಂಚೇ ಬರ್ತಿರ್ಲಿಲ್ಲ, ಒಬ್ರೆಕ್ಟ್ ಅವ್ರೇ."

"ತೀರಿಹೋದವರು ಪತ್ರಿಕೆ ಓದೋದಿಲ್ಲವಲ್ಲ, ತಾಯಿ."

"ಬರಬೇಕಾದವರು ಓದ್ತಾರಲ್ಲ!"

ಅಲ್ಲಿಗೆ ಅವನು ಎದ್ದು ಬರಬೇಕಿತ್ತು. ಆ ಪ್ರಶ್ನೆ ಸರಿಯಾದ ಪ್ರಶ್ನೆಯೆಂದು ಅವನಿಗೂ ಗೊತ್ತಿತ್ತು. ಆದರೆ ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಡಾಕ್ಟರ ಮನೆಯವರು ಹಾಕಿಸಿದ್ದು ಫ್ರೆಂಚಿನಲ್ಲೇ. ನೋಟರಿಯವರದ್ದೂ ಅಷ್ಟೇ" ಎಂದ. "ನಿಮ್ಮ ಅಂಗಡಿಗೆ ಬರೋ ಹೆಂಗಸರೆಲ್ಲ ಅಂಥವರು. ಒಂದು ಗಾಂಭೀರ್ಯ ಇರುತ್ತೆ."

ಗೆರ್ಮೇನ್ ಕಿಟಕಿಯಲ್ಲಿ ಜೋಡಿಸಿದ್ದ ಟೋಪಿಗಳ ಕಡೆ ನೋಡಿದಳು. "ನೋಟರಿಯವರದ್ದೂ ಫ್ರೆಂಚೇ?"

"ಚೌಕಟ್ಟು ದಪ್ಪಗೆ ಹಾಕಿಸ್ತೀನಿ."

"ಹಾಗಾದರೆ ಚೆನ್ನಾಗಿ ಬರೀರಿ" ಎಂದು ಕಣ್ಣೊರೆಸಿಕೊಂಡಳು.

ಚೆನ್ನಾಗಿಯೇ ಬರೆದ. ಗೆದ್ದೆನೆಂಬ ಹುರುಪು ಇತ್ತು. ಅದರ ಕೆಳಗೆ ಎಲ್ಲಿಯೋ ಬೂಟಿನೊಳಗಿನ ಕಲ್ಲಿನಂತೆ ಒಂದು ಕಿರಿಕಿರಿಯೂ ಇತ್ತು.

ಶುಕ್ರವಾರ ಮಧ್ಯಾಹ್ನ ಕುಗೆಲ್‌ಹೋಫ್ ಕೇಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟ ಹತ್ತಿದಾಗ ಸಲೋಮೆ ಆಲೂಗಡ್ಡೆ ಹೆರೆಯುತ್ತಿದ್ದಳು. ಜರ್ಮನ್ ಹಾಳೆಗಳು ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಅವನೇ ಭೂತಗನ್ನಡಿಯನ್ನು ಒರೆಸಿ ಅವಳ ಕೈಗಿತ್ತ. ಅವಳು ಪದ್ಯವನ್ನು ತುಟಿ ಅಲ್ಲಾಡಿಸುತ್ತಾ ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು.

"ಶಾಲು ಕಂದು ಬಣ್ಣದ್ದಲ್ಲ. ನೀಲಿ" ಎಂದಳು.

"ಆಮೇಲೆ?"

"ಆಮೇಲೇನು? ಸರಿಯಾಗಿದೆ." ಕತ್ತರಿ ತಂದು ಪದ್ಯವನ್ನು ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟಳು. ಇಪ್ಪತ್ತೆಂಟು ವರ್ಷದ ಸಂಬಳ ಇಂದು ಒಟ್ಟಿಗೆ ಕೈಸೇರಿತೆಂದು ಕಮಿಲ್‌ಗೆ ಅನಿಸಿತು. ಅವನು ಮೊಣಕೈಯನ್ನು ಮೇಜಿನ ಮೇಲೆ, ಸಿಪ್ಪೆಗಳ ಪಕ್ಕದಲ್ಲಿ ಊರಿ, ಬಿಸಿ ಆಲೂಗಡ್ಡೆಯನ್ನೂ ಚೀಸನ್ನೂ ತೃಪ್ತಿಯಾಗಿ ತಿಂದ.

ಶನಿವಾರ ವರದಿಗಾಗಿ ಮದ್ಲೆನ್ ಗ್ರಾಫಳ ಮಣ್ಣಿಗೆ ಹೋದ. ಚರ್ಚಿನಲ್ಲಿ ಟೋಪಿಯಂಗಡಿಯ ಗಿರಾಕಿಗಳಾದ ನಾಲ್ಕೈದು ಹೆಂಗಸರಿದ್ದರು. ಮುದುಕಿಯರು ಕೂರುವ ಎಡಗಡೆಯ ಬೆಂಚುಗಳೆಲ್ಲ ಖಾಲಿ. ಗೆರ್ಮೇನ್ ತಿರುತಿರುಗಿ ಬಾಗಿಲ ಕಡೆ ನೋಡುತ್ತಿದ್ದಳು. ಕಮಿಲ್ ತಲೆತಗ್ಗಿಸಿ ಕುಳಿತ. ಕಚೇರಿಗೆ ಬಂದು, ಎಲ್ಲ ಮಣ್ಣಿಗೂ ಬರೆಯುವ ಹಾಗೆ, 'ಭಾರಿ ಸಂಖ್ಯೆಯಲ್ಲಿ ಜನ ನೆರೆದಿದ್ದರು' ಎಂದು ಬರೆದ. ಜರ್ಮನ್ನಿನಲ್ಲಿ.

ಮುಂದಿನ ಶುಕ್ರವಾರ ಅವನು ಬಾಗಿಲು ತೆರೆದಾಗ ಅಡುಗೆಮನೆಯ ಒಲೆ ಹೊತ್ತಿರಲಿಲ್ಲ. ಸಲೋಮೆ ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದಳು. ಅವಳ ಮುಂದೆ ಕಲೆಯಾಗಿ ಒಣಗಿ ಮುದುಡಿದ ಹಿಂದಿನ ವಾರದ ಫ್ರೆಂಚ್ ಹಾಳೆ ಇತ್ತು.

"ಕೂತ್ಕೋ. ನಿನ್ನ ಪದ್ಯದಲ್ಲಿ ಶಾಲಿನ ಕೆಳಗೆ ಇಬ್ಬರು ಹುಡುಗಿಯರು. ಒಬ್ಬಳು ನಾನು. ಇನ್ನೊಬ್ಬಳು ಯಾರು?"

"ನೀನೇ ಹೇಳ್ತಿದ್ದೆಯಲ್ಲ, ಅಮ್ಮ. ಕೊಳದ ಮನೆ ಲೇನಿ."

"ಅವಳ ಪೂರ್ತಿ ಹೆಸರು?"

ಈ ಕಣಿವೆಯಲ್ಲಿ ಎಲ್ಲರಿಗೂ ಮನೆಯ ಹೆಸರೇ ಹೆಸರು. ದಫ್ತರದ ಹೆಸರು ಹುಟ್ಟುವ ದಿನ ಒಮ್ಮೆ, ಸಾಯುವ ದಿನ ಒಮ್ಮೆ. ಹುಟ್ಟಿದಂದಿನಿಂದ ಕೇಳುತ್ತಿದ್ದ ಲೇನಿಗೆ ಬೇರೆ ಹೆಸರು ಇರಬಹುದೆಂದು ಕಮಿಲ್ ಯೋಚಿಸಿಯೇ ಇರಲಿಲ್ಲ.

"ಭಾನುವಾರ ಕೋಳಿಗೆ ಸಿಪ್ಪೆ ಹಾಕೋಕೆ ಹೋದಾಗ ಕಂಡಿತು" ಎಂದಳು ಸಲೋಮೆ. "ಮದ್ಲೆನ್, ತವರಲ್ಲಿ ಸ್ಪೆನ್ಲೆ. ನಮ್ಮ ಲೇನಿ. ಆ ಹೆಸರು ಓದೋಕೆ ಫ್ರೆಂಚ್ ಬೇಕಾಗಿಲ್ಲ. ಉಳಿದದ್ದು ನೀನು ಓದು. ನಮ್ಮ ಮಾತಿನಲ್ಲಿ ಹೇಳು."

ಅವನು ಓದಿದ. ಒಂದೊಂದು ಸಾಲನ್ನೂ, ತಾನೇ ಫ್ರೆಂಚಿಗೆ ದಾಟಿಸಿದ್ದನ್ನು, ಮತ್ತೆ ಅಡುಗೆಮನೆಯ ಮಾತಿಗೆ ದಾಟಿಸಿ ಹೇಳಿದ. ಶನಿವಾರ ಎರಡು ಗಂಟೆ ಎಂಬುದನ್ನು ಎಲ್ಲಕ್ಕೂ ಕೊನೆಗೆ ಹೇಳಿದ.

"ಶುಕ್ರವಾರ ಇದೇ ಮೇಜಿನ ಮೇಲಿತ್ತು. ನೀನೂ ಇಲ್ಲೇ ಕೂತಿದ್ದೆ. ಹೇಳಿದ್ದರೆ ಹಾಲಿನ ಗಾಡಿಯಲ್ಲಿ ಕೂತು ಬಂದಿರ್ತಿದ್ದೆ. ಅವಳ ಮನೆಯವರು ಯಾಕಪ್ಪ ಹೀಗೆ ಹಾಕಿಸಿದರು? ಲೇನಿ ಅಂಥ ಜಂಬದವಳಲ್ಲ."

ಅವರ ತಲೆಯ ಮೇಲೆ ಹೊರಿಸಿ ಪಾರಾಗಬಹುದಿತ್ತು. ಕಮಿಲ್ ಹೊರಿಸಲಿಲ್ಲ. ನಿಂತುಹೋದ ಪಂದ್ಯ, ಹದಿನೆಂಟು ಸಾಲು, ಟೋಪಿಯಂಗಡಿ, ನೋಟರಿ, ಎಲ್ಲವನ್ನೂ ಹೇಳಿದ. ಕೊನೆಗೆ, "ನೀನು ಓದಲಿ ಅಂತ ಮಾಡಿದೆ, ಅಮ್ಮ" ಎಂದ.

ಸಲೋಮೆ ಆ ವಾರದ ಜರ್ಮನ್ ಹಾಳೆಯ ಮೇಲೆ ಬೆರಳಿಟ್ಟಳು.

"ಭಾರಿ ಜನ ನೆರೆದಿದ್ದರು ಅಂತ ಬರ್ದಿದೀಯ. ನಮ್ಮ ಜೊತೆ ಗಿರಣೀಲಿ ದುಡಿದವರು ಯಾರ್ಯಾರು ಬಂದಿದ್ದರು?"

ಅವನು ಹಾಳೆಯ ಅಂಚನ್ನು ಮಡಿಸತೊಡಗಿದ.

"ಗೊತ್ತಾಯ್ತು. ಅವರ ಮನೆಗಳಲ್ಲೂ ಫ್ರೆಂಚ್ ಹಾಳೆ ಮೇಲೇ ಆಲೂಗಡ್ಡೆ ಹೆರೀತಾರೆ" ಎಂದಳು.

ಬೈಬಲ್ಲಿನೊಳಗಿಂದ ಪದ್ಯವನ್ನು ತೆಗೆಯುವಳೇನೋ ಎಂದು ಅವನು ಹೆದರಿದ. ತೆಗೆಯಲಿಲ್ಲ. ಅದನ್ನು ಹೊಗಳಲೂ ಇಲ್ಲ. ಸಾಯುವವರೆಗೆ ಆ ಪದ್ಯದ ಮಾತನ್ನು ಮತ್ತೆ ಎತ್ತಲಿಲ್ಲ. ಎದ್ದು ಒಲೆ ಹೊತ್ತಿಸಿದಳು, ಆಲೂಗಡ್ಡೆಯ ಬುಟ್ಟಿಯನ್ನು ಮೇಜಿನ ಮೇಲೆ ತಂದಿಟ್ಟಳು, ಆ ವಾರದ ಫ್ರೆಂಚ್ ಹಾಳೆಯನ್ನು ಅವನ ಮುಂದೆ ತಳ್ಳಿದಳು.

ಅಲ್ಲಿಂದ ಮುಂದೆ, ಸಲೋಮೆ ಬದುಕಿದ್ದ ಆರು ವರ್ಷವೂ, ಪ್ರತಿ ಶುಕ್ರವಾರ ಕಮಿಲ್ ಬೆಟ್ಟ ಹತ್ತಿದ. ಕೆಮ್ಮಿದ್ದರೂ ಹತ್ತಿದ, ಹಿಮವಿದ್ದರೂ ಹತ್ತಿದ. ಪದ್ಯಕ್ಕೆಂದು ಅವನಿಗಿದ್ದ ಒಂದೇ ಬಿಡುವಿನ ಮಧ್ಯಾಹ್ನ ಅದು, ಅದೂ ಹೋಯಿತು. ಹಸ್ತಪ್ರತಿ ಬೀರುವಿನ ಮೇಲೆ ಹಾಗೆಯೇ ಉಳಿಯಿತು. ದಾರಿಯುದ್ದಕ್ಕೂ ಅವನು ವೆಲ್ಟರನನ್ನೂ ಕಟ್ಟಳೆಯನ್ನೂ ಫುಟ್‌ಬಾಲನ್ನೂ ಬೈದುಕೊಳ್ಳುತ್ತಾ, ಕೊನೆಯ ತಿರುವಿನಲ್ಲಿ ತನ್ನನ್ನೂ ಬೈದುಕೊಳ್ಳುತ್ತಾ ನಡೆಯುತ್ತಿದ್ದ. ಮನೆ ಸೇರಿದರೆ ತಾಯಿ ಚಾಕು ಹಿಡಿದು ಕಾದಿರುತ್ತಿದ್ದಳು. ಅವನು ಫ್ರೆಂಚ್ ಹಾಳೆಯ ಕಪ್ಪು ಚೌಕಟ್ಟುಗಳನ್ನು ಒಂದೊಂದಾಗಿ ಓದುವನು: ದಫ್ತರದ ಹೆಸರು, ತವರಿನ ಹೆಸರು, ವಿಚಾರಿಸಿ ತಿಳಿದುಕೊಂಡು ಬಂದ ಮನೆಯ ಹೆಸರು, ದಿನ, ಗಂಟೆ.

"ಅಷ್ಟೇನಾ? ಯಾರನ್ನೂ ಬಿಡಲಿಲ್ಲ ತಾನೆ?"

"ಅಷ್ಟೇ, ಅಮ್ಮ."

"ಹಾಗಾದರೆ ಹಾಸು" ಎನ್ನುವಳು. ಅವನು ಹಾಳೆಯನ್ನು ಮೇಜಿನ ಮೇಲೆ ಹಾಸುವನು. ಆ ಮೇಲೆ ಮೊದಲನೆಯ ಸಿಪ್ಪೆ ಬೀಳುವುದು.